ಸಿನಿಮಾಕ್ಕಾಗಿ ಬರೆದ ಸಾವಿನ ಕಾರ್ಡು

...ಅಥವಾ ದಾರ ಕಪ್ಪಾಗಿರಲಿಲ್ಲವೇನೋ. ಕಪ್ಪು ದಾರವೆಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅದು ಬಿಸಿಲಿಗೆ ಹೊಳೆಯಿತು, ಅದಕ್ಕೇ ಕಿತ್ತುಹಾಕಬೇಕಾಯಿತು ಎಂದೂ ಹೇಳುತ್ತೇನೆ. ಕಪ್ಪು ದಾರ ಹೊಳೆಯುತ್ತದೆಯೇ? ಎರಡರಲ್ಲಿ ಒಂದು ನಾನು ಆಮೇಲೆ ಸೇರಿಸಿಕೊಂಡದ್ದು. ಯಾವುದೆಂದು ತಿಳಿಯದು. ದಾರವೇ ಇರಲಿಲ್ಲ, ನನ್ನ ತಪ್ಪನ್ನು ಸ್ವಲ್ಪ ಹಗುರ ಮಾಡಿಕೊಳ್ಳಲು ಅದನ್ನು ನಾನೇ ನೇಯ್ದುಕೊಂಡೆ ಎಂದೂ ಕೆಲವು ದಿನ ಅನ್ನಿಸುತ್ತದೆ.

ಕಾರ್ಡಂತೂ ಇತ್ತು. ಅದು ಅಂಚೆ ಪೆಟ್ಟಿಗೆಯೊಳಗೆ ಬಿದ್ದದ್ದೂ ನಿಜ. ಬಿದ್ದದ್ದನ್ನು ಕ್ಯಾಮೆರಾ ಹಿಡಿದಿತ್ತು, ನಾನು ಮಾತ್ರ ನೋಡಿದ್ದಲ್ಲ.

ಚಾಮರಾಜನಗರದಲ್ಲಿ ಆಗ ನಾನು ರೇಷ್ಮೆ ಇಲಾಖೆಯ ಗುಮಾಸ್ತ. ವಯಸ್ಸು ಇಪ್ಪತ್ತೈದರ ಆಸುಪಾಸು. ಹೊಸ ಪೈಸೆ ಬಂದಿತ್ತೋ, ಇನ್ನೂ ಬರಬೇಕಿತ್ತೋ. ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರೊಬ್ಬರು ಮೈಸೂರಿನಿಂದ ಒಂಬತ್ತು ದಿನಗಳ ಮಟ್ಟಿಗೆ ಕ್ಯಾಮೆರಾ ತಂದು ಸಿನಿಮಾ ತೆಗೆಯಲು ಹೊರಟರು. ಕಥೆ ಅವರದೇ, ಕ್ಯಾಮೆರಾ ಹಿಂದೆ ನಿಲ್ಲುವವರೂ ಅವರೇ. ನಾವು ಅವರನ್ನು ಸ್ಟುಡಿಯೋದವರು ಎನ್ನುತ್ತಿದ್ದೆವು. ರೀಲು ಬಹಳ ಕಡಿಮೆ ಇತ್ತು. ಹಾಗಾಗಿ ಒಂದು ಕಟ್ಟುಪಾಡು: ಯಾವ ದೃಶ್ಯವನ್ನೂ ಎರಡನೆಯ ಸಲ ತೆಗೆಯುವಂತಿಲ್ಲ. ಕೆಮ್ಮಿದರೆ ಕೆಮ್ಮೂ ಸಿನಿಮಾದಲ್ಲಿ ಇರುತ್ತದೆ.

ಕಥೆಗೆ ಮೊದಲು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಕಾಗೆ ಬಂದು ತಲೆಗೆ ಮುಟ್ಟಿದರೆ ಮುಟ್ಟಿಸಿಕೊಂಡವನಿಗೆ ಸಾವು ಹತ್ತಿರವಾಯಿತೆಂದು ಅರ್ಥ. ಅದನ್ನು ಕಳೆಯುವುದಕ್ಕೆ ಒಂದು ಉಪಾಯ ಇದೆ. ಅವನು ಸತ್ತನೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸುವುದು. ಅವರು ನಂಬಿ ಅತ್ತರೆ ಆ ಸಾವು ಅಲ್ಲಿಗೇ ಮುಗಿಯಿತು. ನಂಬಿಯೇ ಅಳಬೇಕು, ಗೊತ್ತಿದ್ದು ಅತ್ತರೆ ಫಲವಿಲ್ಲ. ನಿಜ ತಿಳಿದ ಮೇಲೂ ಆ ಮಾತನ್ನು ಮತ್ತೆ ಎತ್ತಬಾರದು, ಎತ್ತಿದರೆ ಕಳೆದದ್ದು ತಿರುಗಿ ಬರುತ್ತದೆ ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಇನ್ನೊಂದು ಸಂಗತಿ. ಸಾವಿನ ಸುದ್ದಿಯ ಕಾಗದವನ್ನು ಮನೆಯೊಳಗೆ ತರುವುದಿಲ್ಲ. ಓದಿದ ಕೂಡಲೇ ಹೊರಗೇ ಹರಿದು ಹಾಕುತ್ತಾರೆ.

ಸಿನಿಮಾದ ಕಥೆ ಇಷ್ಟು. ಒಬ್ಬ ಒಂಟಿ ಜಿಪುಣನಿಗೆ ಕಾಗೆ ಮುಟ್ಟುತ್ತದೆ. ಊರಿನಲ್ಲಿ ಬರೆಯಬಲ್ಲವನು ಅವನೊಬ್ಬನೇ, ಆದ್ದರಿಂದ ತಾನು ಸತ್ತೆನೆಂದು ತಾನೇ ಕಾರ್ಡು ಬರೆಯುತ್ತಾನೆ. ನೆಂಟರು ಅಳುತ್ತ ಬರುತ್ತಾರೆ, ಬರುವ ದಾರಿಯಲ್ಲೇ ಅವನ ಹೊಲ, ಹಸು, ಹಿತ್ತಾಳೆ ಪಾತ್ರೆಗಳನ್ನು ಪಾಲು ಮಾಡಿಕೊಂಡಿರುತ್ತಾರೆ. ನೋಡಿದರೆ ಆಸಾಮಿ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಾನೆ. ಅವರಿಗೆ ನಿರಾಸೆ. ಕಾರ್ಡು ಬಂದ ಮೇಲೆ ಸತ್ತ ಹಾಗೆಯೇ ಎಂದು ಅವರೆಲ್ಲ ಹಟ ಹಿಡಿಯುತ್ತಾರೆ. ಜಿಪುಣ ನಾನು. ಸಣಕಲಾಗಿದ್ದೆ, ಮುಖವೂ ಸ್ವಲ್ಪ ಸತ್ತವನ ಹಾಗಿತ್ತು. ಆರಿಸುವಾಗ ಸ್ಟುಡಿಯೋದವರು ಹಾಗೆಂದೇ ಹೇಳಿದ್ದರು.

ಕಾಗೆಯ ಕೆಲಸ ಕೆಟ್ಟಿತು. ಚಂದಕವಾಡಿಯ ಕಡೆಯವನೊಬ್ಬ ಬಲೆ ಹಾಕಿ ಕಾಗೆ ಹಿಡಿದು ತಂದಿದ್ದ. ನನ್ನ ರುಮಾಲಿನ ಮಡಿಕೆಯಲ್ಲಿ ವಡೆಯ ಚೂರು ಸಿಕ್ಕಿಸಿ ಅದನ್ನು ಬಿಟ್ಟರು. ಅದು ನನ್ನನ್ನು ದಾಟಿ ಸೀದಾ ಸ್ಟುಡಿಯೋದವರ ಬೋಳು ತಲೆಯನ್ನು ಪರಚಿ ಹಾರಿಹೋಯಿತು.

"ಈಗ ನಿಮ್ಮನೆಗೇ ಕಾರ್ಡ್ ಆಕ್ಬೇಕು ಕಣಣ್ಣೋ!" ಎಂದು ಹಿಡಿದು ತಂದವನು ಬಿದ್ದು ಬಿದ್ದು ನಕ್ಕ.

"ನಗ್ಬ್ಯಾಡ ಕಣ್ಲಾ, ರೀಲು ಓಡ್ತಾ ಅದೆ" ಎಂದು ಸ್ಟುಡಿಯೋದವರು ರಕ್ತ ಒರೆಸಿಕೊಂಡರು. ನನ್ನ ರುಮಾಲಿಗೆ ಅದರ ರೆಕ್ಕೆ ತಾಗಿತೇ? ತಾಗಿತೆಂದು ಒಬ್ಬರು, ಇಲ್ಲವೆಂದು ಒಬ್ಬರು. ನನಗೆ ಗಾಳಿ ಬೀಸಿದ್ದಷ್ಟೇ ನೆನಪು. ಸಿನಿಮಾದಲ್ಲಿ ಕೊನೆಗೆ ಮೇಲೆ ಹಾರುವ ಕಾಗೆ, ಆಮೇಲೆ ನೆಲದ ಮೇಲೆ ಬಿದ್ದ ರುಮಾಲು, ಇವೆರಡನ್ನೇ ಇಟ್ಟರು. ಮುಟ್ಟಿದ್ದು ಕಾಣುವುದೇ ಇಲ್ಲ. ಬೇರೆ ದಾರಿಯಿಲ್ಲದೆ ಹಾಗೆ ಮಾಡಿದ್ದು, ಆದರೆ ಇಡೀ ಚಿತ್ರದಲ್ಲಿ ನನಗೆ ಮೈ ಜುಂ ಅನ್ನುವ ಜಾಗಗಳಲ್ಲಿ ಅದು ಒಂದು.

ಮರುದಿನ ಕಾರ್ಡಿನ ದೃಶ್ಯ. ಬರೆಯುವ ಕೈಯನ್ನು ಹತ್ತಿರದಿಂದ ತೆಗೆಯಬೇಕು. ಒಕ್ಕಣೆ ಸ್ಟುಡಿಯೋದವರು ಹೇಳಿದರು: "ನಿಮ್ಮ ತಮ್ಮನವರು ನಿನ್ನೆ ದಿನ ದೈವಾಧೀನರಾದರು. ಕೂಡಲೇ ಹೊರಟು ಬರುವುದು." ಜಿಪುಣನಿಗೆ ಹೆಸರನ್ನೇ ಇನ್ನೂ ಇಟ್ಟಿರಲಿಲ್ಲ, ಆದ್ದರಿಂದ ಕಾರ್ಡಿನಲ್ಲಿ ಹೆಸರಿಲ್ಲ.

"ವಿಳಾಸ ಯಾರ್ದು ಬರೀಲಿ?"

"ಯಾರ್ದಾರಾ ಬರಿ ಕಣಯ್ಯ. ಕೈ ಮಾತ್ರ ತಡೀಬಾರ್ದು. ತಡದ್ರೆ ಸುಳ್ಳು ಅಂತ ಗೊತ್ತಾಗ್ಬುಡ್ತದೆ."

ತಡೆಯದೆ ಬರೆಯಲು ನನ್ನ ಕೈಗೆ ಗೊತ್ತಿದ್ದದ್ದು ಒಂದೇ ವಿಳಾಸ. ಗುಂಡ್ಲುಪೇಟೆಯಲ್ಲಿದ್ದ ನನ್ನ ಅಕ್ಕನದು. ವಾರಕ್ಕೊಂದು ಕಾರ್ಡು ಅವಳಿಗೆ ಬರೆಯುತ್ತಿದ್ದೆ. ನಮ್ಮ ತಾಯಿ ತಂದೆ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಅವಳಿಗೆ ನಾನೊಬ್ಬನೇ ತಮ್ಮ. ಎರಡು ಬಸಿರು ನಿಲ್ಲದೆ ಹೋಗಿ, ಮೂರನೆಯದಕ್ಕೆ ಆಗ ಎಂಟನೆಯ ತಿಂಗಳು ನಡೆಯುತ್ತಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಯಾಕೆಂದರೆ ಅದು ಸಿನಿಮಾ, ಕಾರ್ಡು ನನ್ನ ಕೈಯಲ್ಲೇ ಇರುತ್ತದೆ.

ಅಂಚೆ ಪೆಟ್ಟಿಗೆಯ ಹತ್ತಿರ ಹೋದೆವು. ಕಾರ್ಡಿನ ಮೂಲೆಗೆ ತೂತು ಮಾಡಿ ದಾರ ಕಟ್ಟಿದ್ದೆವು, ಬಿಟ್ಟ ಮೇಲೆ ಹಿಂದಕ್ಕೆ ಎಳೆದುಕೊಳ್ಳಬೇಕೆಂದು. ಸ್ಟುಡಿಯೋದವರು ಕ್ಯಾಮೆರಾದಲ್ಲಿ ಕಣ್ಣಿಟ್ಟು, "ದಾರ ಕಾಣ್ತದೆ, ತಗಿ" ಎಂದರು.

"ಆಮೇಲೆ ಕಾರ್ಡು?"

"ಪೋಸ್ಟ್ ಮಾಸ್ಟ್ರು ಗೊತ್ತಿರೋರೇ. ಈಸ್ಕಂಡ್ರಾಯ್ತು ಬುಡು."

ದಾರ ತೆಗೆದವರು ಯಾರು? ಅವರು ಹಲ್ಲಿನಿಂದ ಕಡಿದರು ಎಂಬ ಚಿತ್ರವೊಂದು ನನ್ನ ತಲೆಯಲ್ಲಿದೆ. ನಾನೇ ಎಳೆದು ಕಿತ್ತೆ ಎಂಬ ಚಿತ್ರವೂ ಇದೆ, ಬೆರಳಿಗೆ ದಾರ ಕೊಯ್ದ ಉರಿಯ ಸಮೇತ. ಅದಾದ ಮೇಲೆ ಕಾರ್ಡನ್ನು ಪೆಟ್ಟಿಗೆಯ ಬಾಯಿಗೆ ಒಡ್ಡಿ ಒಂದು ಕ್ಷಣ ಹಿಡಿದು ನಿಂತೆ. ಆ ಕ್ಷಣದಲ್ಲಿ ಅಕ್ಕನನ್ನು ನೆನೆದೆನೆಂದು ಹೇಳಬೇಕೆಂದು ಆಸೆಯಿದೆ. ನಾನು ನೆನೆದದ್ದು, ಈ ದೃಶ್ಯ ಚೆನ್ನಾಗಿ ಬರುತ್ತಿದೆ ಎಂದು. ಬೆರಳು ಬಿಟ್ಟೆ.

ಅಲ್ಲಿಂದ ಹೊರಟು ಬಿಸಿಲು ಇಳಿಯುವ ತನಕ ಬೇರೆ ದೃಶ್ಯಗಳಾದವು. ಸಂಜೆ ಕ್ಯಾಮೆರಾವನ್ನು ಅದರ ಪೆಟ್ಟಿಗೆಯೊಳಗೆ ಇಡುತ್ತಿದ್ದಾಗ ಕೇಳಿದೆ:

"ಕಾರ್ಡು ಈಸ್ಕಂಡ್ರಾ?"

"ನೀನ್ ಈಸ್ಕಳ್ನಿಲ್ವಾ?"

ಇಬ್ಬರೂ ಅಂಚೆ ಕಚೇರಿಗೆ ಓಡಿದೆವು. ಪೋಸ್ಟ್ ಮಾಸ್ಟರು ಬಾಗಿಲು ಹಾಕುತ್ತಿದ್ದರು. ಚೀಲ ಮಧ್ಯಾಹ್ನದ ಬಸ್ಸಿಗೆ ಹೋಗಿಯಾಗಿತ್ತು.

"ಯಾರ ಕಾರ್ಡು ಸ್ವಾಮಿ?"

"ನಂದೇ."

"ಅಂಥಾದ್ದೇನು ಬರ್ದಿದ್ರಿ?"

"ನಾನು ಸತ್ತೋದೆ ಅಂತ."

ಅವರು ಬೀಗದ ಕೈ ಹಿಡಿದುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸರಿ. ಅಂಗಾದ್ರೆ ವಾಪಸ್ ಕೇಳಕ್ಕೆ ಬಂದಿರೋರು ಯಾರು?"

ಸ್ಟುಡಿಯೋದವರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಕೆಲವು ದಿನಗಳ ಮೇಲೆ ಆ ಮಾತನ್ನು ಹಾಗೆಯೇ ಸಿನಿಮಾಕ್ಕೆ ಸೇರಿಸಿಯೂಬಿಟ್ಟರು, ನೆಂಟನೊಬ್ಬನ ಬಾಯಲ್ಲಿ. ಇಡೀ ಚಿತ್ರದಲ್ಲಿ ಜನ ಹೆಚ್ಚು ನಕ್ಕದ್ದು ಅದಕ್ಕೇ. ನಾನು ಆ ಸಂಜೆ ಗುಂಡ್ಲುಪೇಟೆಗೆ ಮುಂದಿನ ಬಸ್ಸು ಯಾವಾಗೆಂದು ಪೋಸ್ಟ್ ಮಾಸ್ಟರನ್ನು ಕೇಳಿದೆ.

ಟೆಲಿಗ್ರಾಂ ಕೊಡೋಣ ಎಂದು ಯಾರೋ ಅಂದರು. ಗುಂಡ್ಲುಪೇಟೆಯ ಆ ಬೀದಿಯಲ್ಲಿ ತಾರು ಬರುವುದು ಸಾವಿಗೆ ಮಾತ್ರ. ಅದನ್ನು ಬಿಚ್ಚುವ ಮೊದಲೇ ಅಳು ಶುರುವಾಗುತ್ತದೆ. ಬದುಕಿದ್ದೇನೆ ಎಂದು ತಾರು ಕೊಟ್ಟು ಅಕ್ಕನನ್ನು ಕೊಲ್ಲಬೇಕೇ? ಬೆಳಗಿನ ಮೊದಲ ಬಸ್ಸಿಗೆ ಹೋಗುವುದೊಂದೇ ಉಳಿದದ್ದು. ನನ್ನ ಪಾಲಿನ ದೃಶ್ಯಗಳನ್ನು ಹಿಂದಕ್ಕೆ ಹಾಕಿ, "ಮೂರು ದಿನ, ಅದ್ರ ಮೇಲೆ ಆಗಕಿಲ್ಲ ಕಣಯ್ಯ" ಎಂದರು ಸ್ಟುಡಿಯೋದವರು.

ಬಸ್ಸಿನಲ್ಲಿ ಒಂದು ಧೈರ್ಯ ಹುಟ್ಟಿತು. ಕೈಬರಹ ನನ್ನದು! ಅಕ್ಕ ನನ್ನ ಅಕ್ಷರವನ್ನು ಎಲ್ಲಿದ್ದರೂ ಗುರುತಿಸುತ್ತಾಳೆ. ಸತ್ತವನು ಕಾರ್ಡು ಬರೆಯಲಾರ, ಅಂದಮೇಲೆ ಇದು ಕಾಗೆಯ ಕಾರ್ಡು ಎಂದು ಅವಳಿಗೆ ತಿಳಿದುಹೋಗುತ್ತದೆ. ನಮ್ಮ ಚಿತ್ರದ ಜೀವವೂ ಅದೇ ತಾನೆ. ಕಾರ್ಡು ಬರೆದವನು ತಾನೇ ಎಂದು ಜಿಪುಣ ಸಿಕ್ಕಿಬೀಳುವುದು ತನ್ನ ಅಕ್ಷರದಿಂದಲೇ. ತೆರಕಣಾಂಬಿಯಲ್ಲಿ ಬಸ್ಸು ನಿಂತಿತು, ಡ್ರೈವರು ಕಾಫಿಗೆ ಇಳಿದ. ಅಷ್ಟರಲ್ಲಿ ಆ ಧೈರ್ಯವೂ ಹೋಯಿತು. ಅಕ್ಕ ಓದಿದ್ದು ಮೂರನೆಯ ಕ್ಲಾಸು. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬೇಸರವಾಗಿ, ಕಾರ್ಡನ್ನು ಪೋಸ್ಟ್‌ಮ್ಯಾನ್ ಕೈಗೇ ಕೊಟ್ಟು ಓದಿಸಿಕೊಳ್ಳುತ್ತಿದ್ದಳು. ಇನ್ನೊಬ್ಬರು ಗಟ್ಟಿಯಾಗಿ ಓದಿದರೆ ಕೈಬರಹ ಎಲ್ಲಿ ಉಳಿಯುತ್ತದೆ? ಕಿವಿಗೆ ಬೀಳುವುದು "ನಿಮ್ಮ ತಮ್ಮನವರು ದೈವಾಧೀನರಾದರು" ಎಂಬುದಷ್ಟೇ.

ಡ್ರೈವರು ಎರಡನೆಯ ಕಾಫಿ ಹೇಳಿದ. ನಾನು ಕೆಳಗಿಳಿದು ಅವನ ಮುಂದೆ ಹೋಗಿ ನಿಂತೆ.

"ಏನ್ ಸ್ವಾಮಿ, ಅಂಗ್ ನೋಡ್ತೀರಿ? ಯಾರಾರಾ ಓಗ್ಬುಟ್ರಾ?"

ಹೌದೆಂದೆ. ಅವನು ಲೋಟ ಇಟ್ಟು ಹೊರಟ. ಒಂದು ರಾತ್ರಿ ಕಳೆಯುವಷ್ಟರಲ್ಲಿ ನನ್ನ ಸಾವಿನ ಸುದ್ದಿಯನ್ನು ಎರಡನೆಯ ಸಲ ಹೇಳಿದ ಹಾಗಾಯಿತು.

ಅಕ್ಕನ ಬೀದಿಗೆ ತಿರುಗಿದಾಗ ನಾನು ಕಿವಿಗೊಟ್ಟದ್ದು ಅಳುವಿಗೆ. ಅಳುವಿರಲಿಲ್ಲ. ಅವಳ ಮನೆಯ ಮುಂದಿನ ಚರಂಡಿಯಲ್ಲಿ ಕಾಗದದ ಚೂರುಗಳಿದ್ದವು. ಕಾರ್ಡಿನದೇ ಬಣ್ಣ, ಕಾರ್ಡಿನದೇ ದಪ್ಪ. ಒಂದನ್ನು ಎತ್ತಿ ನೋಡಿದೆ, ಅದರ ಮೇಲೆ ಅಕ್ಷರವಿರಲಿಲ್ಲ. ಇನ್ನೊಂದಕ್ಕೆ ಬಗ್ಗುವಷ್ಟರಲ್ಲಿ ಬಾಗಿಲಿನಿಂದ ದನಿ ಬಂತು.

"ಚರಂಡೀಲಿ ಏನ್ಲಾ ಉಡುಕ್ತಾ ಇದೀಯೆ?"

ಅಕ್ಕ ಮೊರ ಹಿಡಿದು ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ಒಳಗೆ ಒಲೆ ಹೊಗೆಯುತ್ತಿತ್ತು, ಅದೂ ನಿಜ.

"ಏನಿಲ್ಲ ಕಣಕ್ಕಾ."

"ಕರದ್ರೂ ಬರ್ದೇ ಇರೋನು ಇವತ್ತೇನು ಒತ್ತಾರೆನೇ? ನಿಂತ್ಕ ಅಲ್ಲೇ, ಒಳೀಕ್ ಬರ್ಬ್ಯಾಡ."

ಒಳಗೆ ಹೋಗಿ ಉಪ್ಪು ಮೆಣಸಿನಕಾಯಿ ತಂದು ನನಗೆ ಮೂರು ಸಲ ನಿವಾಳಿಸಿ ಇಳಿ ತೆಗೆದಳು. ಒಲೆಗೆ ಹಾಕಿ ಬಂದು, "ಈಗ ಬಾ" ಎಂದು ನನ್ನ ಮಣಿಕಟ್ಟು ಹಿಡಿದಳು. ಬಿಗಿಯಾಗಿ ಹಿಡಿದಳು, ಬಹಳ ಹೊತ್ತು ಬಿಡಲಿಲ್ಲ. ಊರಿಂದ ಹೋದಾಗಲೆಲ್ಲ ಹಾಗೆ ಇಳಿ ತೆಗೆಯುತ್ತಿದ್ದಳೇ? ಒಂದೆರಡು ಸಲ ತೆಗೆದದ್ದುಂಟು. ಬಾಗಿಲ ಹೊರಗೆ ನಿಲ್ಲಿಸಿ ತೆಗೆದಿದ್ದಳೇ? ಎಷ್ಟು ನೆನೆಸಿಕೊಂಡರೂ ಬೇರೆ ಯಾವ ಸಲದ ಚಿತ್ರವೂ ಬರುವುದಿಲ್ಲ, ಈ ಒಂದು ಸಲದ್ದೇ ಎಲ್ಲದರ ಮೇಲೆ ಬಂದು ಕೂರುತ್ತದೆ.

ಕಾರ್ಡು ಬಂತೇ ಎಂದು ಕೇಳುವ ಹಾಗಿರಲಿಲ್ಲ. ಬಂದಿಲ್ಲವಾದರೆ ಆ ಪ್ರಶ್ನೆಯೇ ಅವಳನ್ನು ಹೆದರಿಸುತ್ತದೆ. ಬಂದಿದ್ದು, ನಂಬಿ ಅತ್ತು, ನನ್ನನ್ನು ಕಂಡ ಮೇಲೆ ಕಾಗೆಯ ಕಾರ್ಡೆಂದು ತಿಳಿದು ಸುಮ್ಮನಾಗಿದ್ದರೆ, ನಾನು ಬಾಯಿ ಬಿಟ್ಟು ಅದನ್ನು ಕೆಡಿಸಿದ ಹಾಗೆ. ಆ ನಂಬಿಕೆ ನನಗಿರಲಿಲ್ಲ. ಅವಳಿಗಿತ್ತು. ಎಂಟು ತಿಂಗಳ ಬಸುರಿಯ ಮುಂದೆ ನನ್ನ ನಂಬಿಕೆಯ ಮಾತು ಯಾಕೆ?

ಹೊರಗೆ ಬಂದಾಗ ಚರಂಡಿಯ ಚೂರುಗಳು ನೀರಿನಲ್ಲಿ ಹೋಗಿಬಿಟ್ಟಿದ್ದವು. ಪೋಸ್ಟ್‌ಮ್ಯಾನನ್ನು ಹುಡುಕಿದೆ. ಮಾರುಕಟ್ಟೆಯ ಹತ್ತಿರ ಸೈಕಲ್ ಒರಗಿಸಿ ಬೀಡಿ ಸೇದುತ್ತಿದ್ದ. ನನ್ನನ್ನು ಕಂಡು, "ಏನಣ್ಣಾ, ಕಾರ್ಡ್ ಬರಿಯಾದ್ ಬುಟ್ಟು ನೀನೇ ಬಂದ್ಬುಟ್ಟಿದೀಯೆ?" ಎಂದ.

"ನಿನ್ನೆ ಇವತ್ತು ಅಕ್ಕನ ಮನೆಗೆ ಕಾರ್ಡೇನಾದ್ರೂ ಬಂತಾ?"

"ಬಂದಿರ್ಬೋದು. ಬೆಳಿಗ್ಗೆ ಒಂದ್ ಕಂತೆ ಕೊಟ್ಟೆ ಆ ಬೀದಿಗೆ."

"ಸಾವಿನ ಸುದ್ದಿದು?"

ಬೀಡಿಯನ್ನು ಬಾಯಿಂದ ತೆಗೆದ. "ಅಂಥಾದ್ದ ಬಸ್ರಿ ಎಂಗ್ಸಿನ ಕೈಗೆ ಕೊಡ್ತೀನಾ ನಾನು? ಮೇಷ್ಟ್ರ ಕೈಗೆ ಕೊಡ್ತೀನಿ."

"ಕೊಟ್ಯಾ?"

"ಓದಿದ್ರೆ ನೆಪ್ಪಿರ್ತಿತ್ತು. ಓದ್ದೇ ಕೊಟ್ಟಿದ್ರೆ ನಂಗೇನ್ ಗೊತ್ತಾದದು? ಯಾರ್ ಸತ್ರಣ್ಣಾ?"

ಮೇಷ್ಟ್ರು ಎಂದರೆ ನನ್ನ ಭಾವ, ಅಲ್ಲೇ ಶಾಲೆಯಲ್ಲಿದ್ದವರು. ಮುಂಗೋಪಿ. ಸಿನಿಮಾ ಎಂದರೆ ಆಗದು. ನಾನು ಮುಖಕ್ಕೆ ಬಣ್ಣ ಹಚ್ಚುತ್ತೇನೆಂದು ತಿಳಿದಾಗ ಎರಡು ಪುಟ ಬೈದು ಬರೆದಿದ್ದರು. ಮಧ್ಯಾಹ್ನ ಊಟಕ್ಕೆ ಬಂದರು. ನನ್ನನ್ನು ನೋಡಿ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ, "ರಜ ಎಷ್ಟು ದಿನ?" ಎಂದರು.

"ಮೂರು ದಿನ."

"ಇರು. ಇನ್ನೂ ಎರಡು ದಿನ ಇದ್ದೇ ಹೋಗು."

ಬೈಯಲಿಲ್ಲ. ಸಿನಿಮಾದ ಮಾತೇ ಎತ್ತಲಿಲ್ಲ. ತಮ್ಮ ತಟ್ಟೆಯಿಂದ ಒಂದು ಹಪ್ಪಳ ಎತ್ತಿ ನನ್ನ ತಟ್ಟೆಗೆ ಹಾಕಿದರು. ಎದುರಿಗೆ ಕೂತು ನಾನು ಲೆಕ್ಕ ಹಾಕಿದೆ. ಈ ಮನುಷ್ಯ ಕಾರ್ಡು ಓದಿದ್ದಾರೆ. ಓದಿ, ಹರಿದು, ಹೆಂಡತಿಗೆ ಹೇಳದೆ ಒಳಗೇ ಇಟ್ಟುಕೊಂಡಿದ್ದಾರೆ. ಮರುಗಳಿಗೆಗೆ ಅನ್ನಿಸಿತು: ಇಲ್ಲ, ಬಸುರಿಯ ಮನೆಗೆ ಒಬ್ಬ ಗಂಡಾಳು ಬಂದನಲ್ಲ ಎಂಬ ನೆಮ್ಮದಿ ಇದು. ಎರಡೂ ಆ ಒಂದು ಹಪ್ಪಳದೊಳಗೆ ಹಿಡಿಯುತ್ತಿದ್ದವು.

ಪ್ರತಿ ದಿನ ಅಂಚೆಯ ಹೊತ್ತಿಗೆ ಜಗಲಿಯಲ್ಲಿ ಕಾದೆ, ಕಾರ್ಡು ದಾರಿಯಲ್ಲಿ ಎಲ್ಲೋ ತಡೆದಿದ್ದರೆ ಬಾಗಿಲಲ್ಲೇ ಹಿಡಿಯೋಣವೆಂದು. ಬರಲಿಲ್ಲ. ಅಕ್ಕ ಹತ್ತಿರ ಸುಳಿದರೆ ಅವಳ ಹೊಟ್ಟೆಯನ್ನು ನೋಡುತ್ತಿದ್ದೆ, ಉಸಿರು ಎಣಿಸುತ್ತಿದ್ದೆ. "ಏನ್ಲಾ ಅಂಗ್ ನೋಡೀಯೆ, ನಾನೇನ್ ಸಿಡಿದೋಗ್ಬುಟ್ಟೇನಾ?" ಎಂದು ಒಮ್ಮೆ ನಕ್ಕಳು.

ಮೂರನೆಯ ದಿನ ಹನ್ನೊಂದರ ಹೊತ್ತಿಗೆ ಅವಳಿಗೆ ನೋವು ಬಂತು. ತಿಂಗಳಿಗೂ ಮುಂಚೆ. ಸೂಲಗಿತ್ತಿಯನ್ನು ಕರೆತರಲು ಓಡಿದವನು ನಾನು. ಆ ಓಟ ಎಷ್ಟು ದೂರ, ಯಾವ ಬೀದಿ, ಒಂದೂ ನೆನಪಿಲ್ಲ. ಆಕೆ, "ಯಾಕಪ್ಪಾ ಇಷ್ಟ್ ಬೇಗ? ಏನಾರಾ ಕೆಟ್ ಸುದ್ದಿ ಕೇಳಿದ್ಲಾ?" ಎಂದದ್ದು ನೆನಪಿದೆ. ನಾನು ಅವಳ ಮುಂದೆ ಮುಂದೆ ನಡೆದೆ. ಭಾವ ಶಾಲೆಯಿಂದ ಬಂದರು. ಬಾಗಿಲ ಹೊರಗೆ ಇಬ್ಬರೂ ನಿಂತೆವು. ಅವರು ನನ್ನ ಕಡೆ ನೋಡಲಿಲ್ಲ, ನಾನು ಅವರ ಕಡೆ ನೋಡಲಿಲ್ಲ. ಒಳಗಿನ ಒಂದೊಂದು ಕೂಗಿಗೂ ನನ್ನ ಕಣ್ಣ ಮುಂದೆ ಬಂದದ್ದು ಪೆಟ್ಟಿಗೆಯ ಬಾಯಿ, ನನ್ನ ಬೆರಳು.

ಹೆಣ್ಣು ಮಗು. ಅಂಗೈ ಮೇಲೆ ಮಲಗಿಸುವಷ್ಟು. ಹತ್ತಿಯಲ್ಲಿ ಸುತ್ತಿ ಒಲೆಯ ಪಕ್ಕದಲ್ಲಿ ಇಟ್ಟರು. ಹಾಲನ್ನು ಬತ್ತಿಯಲ್ಲಿ ಅದ್ದಿ ಬಾಯಿಗೆ ಮುಟ್ಟಿಸಿದರು. ಬದುಕುವುದೋ ಇಲ್ಲವೋ ಎಂದು ತಿಂಗಳುಗಟ್ಟಲೆ ಯಾರಿಗೂ ಗೊತ್ತಿರಲಿಲ್ಲ. ಬದುಕಿತು. ನಾನು ಚಾಮರಾಜನಗರಕ್ಕೆ ಹಿಂದಿರುಗಿ ಉಳಿದ ದೃಶ್ಯಗಳಲ್ಲಿ ನಟಿಸಿದೆ. ಅಲ್ಲೆಲ್ಲ ಜಿಪುಣನ ಮುಖ ಬಿಳುಚಿದೆ. ಅದನ್ನು ಒಳ್ಳೆಯ ನಟನೆ ಎಂದು ಹೊಗಳಿದವರುಂಟು.

ಚಿತ್ರ ಮುಗಿಯಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಯಾವ ಟೆಂಟ್ ಸಿನಿಮಾದವರೂ ತೆಗೆದುಕೊಳ್ಳದೆ, ಕೊನೆಗೆ ಒಂದು ಅರಿಸಿನದ ಉಗ್ರಾಣದ ಕಿಟಕಿಗಳಿಗೆ ಗೋಣಿ ಹೊಡೆದು ಕೆಲವು ದಿನ ಮಧ್ಯಾಹ್ನ ಎರಡು ಗಂಟೆಗೆ ತೋರಿಸಿದರು. ಮೊದಲ ದಿನ ಅಕ್ಕ ಮಗುವನ್ನೆತ್ತಿಕೊಂಡು ಬಂದಿದ್ದಳು.

ಈಗ ಆ ಚಿತ್ರವನ್ನು ತೂಗಿ ನೋಡಿದರೆ ಅದು ಪೂರ್ತಿ ಕೆಟ್ಟದ್ದಲ್ಲ. ಅಳುವ ದೃಶ್ಯಕ್ಕೆ ಇಬ್ಬರು ಮುದುಕಿಯರನ್ನು ಕರೆತಂದಿದ್ದರು. ಬದುಕಿರುವವನ ಹೆಸರಲ್ಲಿ ಅಳುವುದಿಲ್ಲವೆಂದು ಅವರು ಹಟ ಮಾಡಿ, ತಂತಮ್ಮ ಸತ್ತ ಗಂಡಂದಿರನ್ನು ನೆನೆದು ಹಾಡಿಕೊಂಡು ಅತ್ತರು. ಸಂಗೀತಕ್ಕೆ ಗತಿಯಿರಲಿಲ್ಲ, ಆ ಅಳುವೇ ಉಳಿಯಿತು. ನಗುತ್ತಿದ್ದ ಜನ ಅಲ್ಲಿ ತಟ್ಟನೆ ನಿಲ್ಲಿಸುತ್ತಿದ್ದರು. ಕೊರತೆಗಳಿಗೇನು ಬರವಿಲ್ಲ. ತುಟಿ ಒಂದು ಕಡೆ, ಮಾತು ಒಂದು ಕಡೆ. ಜಿಪುಣನ ಮನೆಯ ಕೊಳಗವೇ ಅವನ ನೆಂಟನ ಮನೆಯಲ್ಲೂ ಕೂತಿದೆ. ಪಾಲಿನ ಜಗಳ ಎಳೆದು ಎಳೆದು ಸಾಕಾಗುತ್ತದೆ. ಕಾರ್ಡಿನ ಅಕ್ಷರದ ಗುಟ್ಟು ಓದು ಬಾರದ ಜನಕ್ಕೆ ತಿಳಿಯದೆಂದು ಹೆದರಿ, ಒಬ್ಬನ ಕೈಯಲ್ಲಿ ಅದನ್ನು ಗಟ್ಟಿಯಾಗಿ ಓದಿಸಿ, "ಇದು ಅವನ ಕೈಬರಹವೇ!" ಎಂದು ಕೂಗಿಸಿದ್ದಾರೆ. ಅಲ್ಲಿಗೆ ಸತ್ವ ಹೋಯಿತು.

ಆದರೆ ನಾನು ಕ್ಷಮಿಸಲಾರದ್ದು ಬೇರೆ. ನಮ್ಮ ಚಿತ್ರದಲ್ಲಿ ಕಾರ್ಡು ತಲುಪಿದವರಲ್ಲಿ ಒಬ್ಬರಿಗೂ ನಿಜವಾಗಿ ಎದೆ ಒಡೆಯುವುದಿಲ್ಲ. ಎಲ್ಲರೂ ದುರಾಸೆಯವರು, ಎಲ್ಲರೂ ನಗೆಪಾಟಲು. ಆ ಜಿಪುಣನನ್ನು ಪ್ರೀತಿಸುವ ಒಬ್ಬಳನ್ನಾದರೂ ಇಡಬೇಕಿತ್ತು, ಕಾರ್ಡು ಅವಳ ಕೈಗೆ ಹೋಗಬೇಕಿತ್ತು. ಆಗ ಜನ ನಗಲು ಹೆದರುತ್ತಿದ್ದರು, ಹೆದರಿಯೂ ನಗುತ್ತಿದ್ದರು. ಸ್ಟುಡಿಯೋದವರಿಗೆ ಇದನ್ನು ಹೇಳಿದೆ. "ಅಷ್ಟೆಲ್ಲ ಮಾಡುದ್ರೆ ಹಾಸ್ಯ ಎಲ್ಲುಳೀತದಯ್ಯಾ?" ಎಂದರು. ಕೊನೆಯಲ್ಲಿ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿ ಮುಗಿಸಿದ್ದಾರೆ.

ಆ ಮೊದಲ ದಿನ ಉಗ್ರಾಣದಲ್ಲಿ ನಾನು ಪರದೆಯನ್ನು ನೋಡಲಿಲ್ಲ, ಅಕ್ಕನ ಮುಖವನ್ನು ನೋಡಿದೆ. ಕಾರ್ಡು ಪೆಟ್ಟಿಗೆಗೆ ಬೀಳುವ ಹೊತ್ತಿಗೆ ಸರಿಯಾಗಿ ಅವಳು ಮಗುವಿನ ಕಡೆ ಬಗ್ಗಿದಳು. ಮಗು ಅತ್ತಿತ್ತೇ? ಅತ್ತ ಸದ್ದು ನನಗೆ ನೆನಪಿಲ್ಲ. ಹೊರಗೆ ಬಂದಾಗ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೇಳಿದಳು:

"ನಿಂಗೆ ನಿಜವಾಗ್ಲೂ ಕಾಗೆ ಮುಟ್ಟಿತ್ತೇನ್ಲಾ?"

"ಇಲ್ಲ ಕಣಕ್ಕಾ, ಅದು ಸಿನಿಮಾ."

"ನಾನ್ ಸಿನಿಮಾ ಕೇಳ್ನಿಲ್ಲ."

ನಾನು ಏನಾದರೂ ಹೇಳುವ ಮೊದಲೇ, "ಬುಡು, ಓಗನ, ಬಸ್ಸೊತ್ತಾಯ್ತು" ಎಂದು ನಡೆದಳು. ಬಸ್ಸಿನ ತನಕ ಹಿಂದೆ ಹಿಂದೆ ಹೋದೆ. ಆಮೇಲೆ ಮೂವತ್ತು ವರ್ಷ ಅವಳು ಬದುಕಿದ್ದಳು. ಅಷ್ಟು ವರ್ಷದಲ್ಲಿ ಅವಳೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಭಾವ ಅವಳಿಗಿಂತ ಮೊದಲೇ ಹೋದರು.

ಆ ಕಾರ್ಡು ತಲುಪಿತೋ ಇಲ್ಲವೋ, ತಲುಪಿದ್ದರೆ ಓದಿದವರು ಯಾರು, ಮಗು ತಿಂಗಳಿಗೆ ಮುಂಚೆ ಹುಟ್ಟಿದ್ದು ಅದರಿಂದಲೋ ಅಲ್ಲವೋ, ನನಗೆ ಗೊತ್ತಿಲ್ಲ.